ಬೂತಾಯಿಗೆ ಹೊದಿಸಿದ ಟಾರ್ಪಾಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ನೀರು ಅಂದರೆ ಭಯ. ನಾನು ಹಾಸನದ ಕಡೆಯ ಹಳ್ಳಿಯವನು. ಹುಟ್ಟೂರಿನಲ್ಲಿ ಕಂಡ ಅತಿ ದೊಡ್ಡ ನೀರೆಂದರೆ ಊರ ಮುಂದಿನ ಕೆರೆ. ಅದಕ್ಕೂ ಎಮ್ಮೆಯ ಬಾಲ ಹಿಡಿದುಕೊಂಡು ಮೊಣಕಾಲುದ್ದ ಇಳಿದಿದ್ದೇನೆ, ಅಷ್ಟೆ. ಅಂಥವನು ಈಗ ಒಂದು ಹಾಯಿದೋಣಿಯ ಕಥೆ ಬರೆಯಲು ಕೂತಿದ್ದೇನೆ. ಇದಕ್ಕೆಲ್ಲ ಕಾರಣ ನಮ್ಮ ಪಕ್ಕದ ಮನೆಯ ವಸಂತಕ್ಕ.

ಅಮೆರಿಕದ ಫ್ರೀಮಾಂಟಿನಲ್ಲಿ ಅವರದೂ ನಮ್ಮದೂ ಒಂದೇ ಗೋಡೆ ಹಂಚಿಕೊಂಡ ಟೌನ್‌ಹೌಸುಗಳು. ವಸಂತಕ್ಕ ಮಲ್ಪೆ ಕಡೆಯವರು, ಮೀನುಗಾರರ ಮನೆಯ ಮಗಳು. ಗಂಡ ಜಯರಾಜಣ್ಣನೂ ಅದೇ ಕಡಲತೀರದವರು. ಮನೆಯೊಳಗೆ ತುಳು, ನಮ್ಮ ಜೊತೆ ಕನ್ನಡ, ಸ್ಯಾನ್ ಡಿಯಾಗೋದಲ್ಲಿ ಕಾಲೇಜಿಗೆ ಹೋಗುತ್ತಿದ್ದ ಮಗಳು ಆಶ್ರಿತಾಳ ಜೊತೆ ಫೋನಿನಲ್ಲಿ ಎಲ್ಲ ಭಾಷೆಗಳ ಚಿತ್ರಾನ್ನ. ನಾನು ಹೇಳುತ್ತಿರುವುದು ಎರಡು ಸಾವಿರದ ಇಸವಿಯ ಮಾತು. ಆಗ ನಮ್ಮ ಬೀದಿಯಲ್ಲಿ ಸತ್ಯನಾರಾಯಣ ಪೂಜೆಗೆ ಹೋದರೂ ಪ್ರಸಾದಕ್ಕಿಂತ ಮುಂಚೆ ಸ್ಟಾಕ್ ಆಪ್ಷನ್ನಿನ ಸುದ್ದಿ ಬರುತ್ತಿತ್ತು. ವಸಂತಕ್ಕನಿಗೆ ಅದ್ಯಾವುದರ ಗೊಡವೆಯೂ ಇರಲಿಲ್ಲ. ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಅವರದು ಕೆಟ್ಟ ಸರ್ಕ್ಯೂಟ್ ಬೋರ್ಡುಗಳನ್ನು ರಿಪೇರಿ ಮಾಡುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಸಾಸಿವೆಗಿಂತ ಸಣ್ಣ ಪಾರ್ಟುಗಳ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಹುಡುಕುತ್ತಿದ್ದರು. ನಾವು ಸಾಫ್ಟ್‌ವೇರಿನವರು ತಪ್ಪು ಮಾಡಿ, ಅದನ್ನು ತಿದ್ದಿ, ಹೊಸ ವರ್ಷನ್ನು ಅಂತ ಹೆಸರಿಟ್ಟು ಮಾರುತ್ತಿದ್ದ ಕಾಲ ಅದು. ವಸಂತಕ್ಕನ ಟೇಬಲ್ಲು ದಾಟಿದ ಬೋರ್ಡು ಮಾತ್ರ ಮತ್ತೆ ವಾಪಸ್ಸು ಬಂದದ್ದಿಲ್ಲವಂತೆ. ಈ ಮಾತನ್ನು ಅವರು ಹೇಳಿದ್ದಲ್ಲ, ಅವರ ಸೂಪರ್‌ವೈಸರು ಒಂದು ಪಾರ್ಟಿಯಲ್ಲಿ ನನ್ನ ಹೆಂಡತಿಗೆ ಹೇಳಿದ್ದು.

ದೋಣಿ ಜಯರಾಜಣ್ಣನದು. ಅವರು ಒಂದು ಫ್ಯಾಕ್ಟರಿಯಲ್ಲಿ ಎ.ಸಿ., ಪೈಪು, ಪಂಪು ನೋಡಿಕೊಳ್ಳುವ ಮೆಂಟೆನೆನ್ಸಿನವರು. ಯಾರದೋ ಗ್ಯಾರೇಜಿನಲ್ಲಿ ಕೊಳೆಯುತ್ತಿದ್ದ ಹದಿನೇಳು ಅಡಿಯ ಪ್ಲೈವುಡ್ ದೋಣಿಯನ್ನು ತಂದು, ಒಂದು ವರ್ಷ ಸಂಜೆಯೆಲ್ಲ ಕೂತು ರಿಪೇರಿ ಮಾಡಿ, ಅದಕ್ಕೆ ‘ಬೂತಾಯಿ’ ಅಂತ ಹೆಸರಿಟ್ಟಿದ್ದರು. ಬೂತಾಯಿ ಎಂದರೆ ಕರಾವಳಿಯವರು ಅನ್ನದ ಪಕ್ಕದಲ್ಲಿ ದಿನಾ ಬಯಸುವ ಮೀನು. ಸ್ಯಾನ್ ಲಿಯಾಂಡ್ರೋದ ದಡದಲ್ಲಿ ದೋಣಿ ಕಟ್ಟುವ ಜಾಗ ಹಿಡಿದು, ಶನಿವಾರ ಭಾನುವಾರ ಬೇ, ಅಂದರೆ ಅಲ್ಲಿನ ಕೊಲ್ಲಿಯ ಮೇಲೆ ತಿರುಗುತ್ತಿದ್ದರು. ವಸಂತಕ್ಕ ಬುತ್ತಿ ಕಟ್ಟಿಕೊಂಡು ಹೋಗಿ ದಡದಲ್ಲಿ ಕೂತಿರುತ್ತಿದ್ದರು. ದೋಣಿ ಹತ್ತುತ್ತಿರಲಿಲ್ಲ. ಅವರ ತವರಿನಲ್ಲಿ ಹೆಂಗಸರು ಮೀನು ಮಾರುತ್ತಾರೆ, ದೋಣಿಗೆ ಕಾಲಿಡುವುದಿಲ್ಲ. ಅಮೆರಿಕಕ್ಕೆ ಬಂದು ಹದಿನೈದು ವರ್ಷವಾದರೂ ಆ ಒಂದು ಗೆರೆಯನ್ನು ಅವರು ದಾಟಿರಲಿಲ್ಲ.

ಬೂತಾಯಿಯ ಮೊದಲ ವರ್ಷದ ಕಥೆಯನ್ನು ಹೇಳದೆ ಮುಂದೆ ಹೋದರೆ ನನಗೆ ಸಮಾಧಾನವಿಲ್ಲ. ಮಲ್ಪೆಯಲ್ಲಿ ಜೂನ್ ಬಂತೆಂದರೆ ಮಳೆ, ದೋಣಿಗಳೆಲ್ಲ ದಡಕ್ಕೆ. ಜಯರಾಜಣ್ಣ ಇಲ್ಲಿಯೂ ಜೂನ್ ಮೊದಲ ವಾರ ಬೂತಾಯಿಯನ್ನು ನೀರಿನಿಂದ ಎಳೆದು, ಬುಡಕ್ಕೆ ಎಣ್ಣೆ ಸವರಿ, ಮೇಲೆ ಹೊದಿಸಿ ಇಟ್ಟರಂತೆ. ಬೇ ಏರಿಯಾದಲ್ಲಿ ಜೂನ್ ಎಂದರೆ ಆಕಾಶದಲ್ಲಿ ಒಂದು ಮೋಡವಿಲ್ಲ, ಒಳ್ಳೆಯ ಗಾಳಿ. ಇಲ್ಲಿಯ ದೋಣಿಗಳೆಲ್ಲ ನೀರಿಗಿಳಿಯುವ ಕಾಲ. ದಡದಲ್ಲಿ ದೋಣಿಗಳನ್ನು ಇಡುವ ಯಾರ್ಡು ನೋಡಿಕೊಳ್ಳುವ ಎಡ್ ಎಂಬ ಮುದುಕ ಬಂದು ದೋಣಿಗೆ ಏನಾಗಿದೆ ಅಂತ ಕೇಳಿದನಂತೆ. ಜಯರಾಜಣ್ಣ ಗಂಭೀರವಾಗಿ ‘ಮಾನ್ಸೂನ್’ ಅಂದರಂತೆ. ಆಮೇಲೆ ಆಗಸ್ಟಿನ ನೂಲ ಹುಣ್ಣಿಮೆಗೆ ಊರ ಪದ್ಧತಿಯಂತೆ ಹಾಲೆರೆದು ನೀರಿಗಿಳಿಸಿ, ನವೆಂಬರಿನ ನಿಜವಾದ ಮಳೆಯಲ್ಲೆಲ್ಲ ಅದನ್ನು ನೀರಿನಲ್ಲೇ ನೆನೆಯಲು ಬಿಟ್ಟರು. ಮರುವರ್ಷದಿಂದ ಅವರ ಪಂಚಾಂಗ ತಿರುಗಿತು. ಅಕ್ಟೋಬರ್ ಕೊನೆಗೆ ಮೇಲೆ, ಮೇ ತಿಂಗಳಿಗೆ ಕೆಳಗೆ.

ಎರಡು ಸಾವಿರದ ಇಸವಿಯ ಜೂನಿನಲ್ಲಿ ಜಯರಾಜಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಮಾತು ಸ್ವಲ್ಪ ದಪ್ಪವಾಗಿ ತಿರುಗಿ ಬಂತು, ಬಲಗಾಲು ಕೋಲಿನ ಆಸರೆಯಲ್ಲಿ ನಡೆಯಿತು. ಬಲಗೈ ಮಾತ್ರ ತೊಡೆಯ ಮೇಲೆ ಮಲಗಿಬಿಟ್ಟಿತು. ಮೊದಲ ಆರು ತಿಂಗಳೇ ಮುಖ್ಯ, ದಿನಾ ಕೈಗೆ ಕೆಲಸ ಕೊಡಿ ಅಂತ ಫಿಸಿಯೋಥೆರಪಿಯ ಹುಡುಗಿ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು ಹೋದಳು. ಜಯರಾಜಣ್ಣ ಅದನ್ನು ಒಂದು ವಾರ ಹಿಸುಕಿದರು. ಆಮೇಲೆ ಒಂದು ದಿನ ‘ನಾನೆಂತ ಮಗುವಾ?’ ಅಂತ ಸೋಫಾದ ಕೆಳಗೆ ಎಸೆದರು. ಜುಲೈ, ಆಗಸ್ಟು, ಸೆಪ್ಟೆಂಬರು ಟಿವಿಯ ಮುಂದೆ ಕಳೆದವು. ನಾನು ಹೋಗಿ ಕೂತರೆ ಎಡಗೈಯಲ್ಲಿ ರಿಮೋಟು ಒತ್ತುತ್ತಾ ಹೂಂ, ಹೂಂ ಅನ್ನುತ್ತಿದ್ದರು. ಅಷ್ಟು ಜೋರು ಬಾಯಿಯ ಮನುಷ್ಯ ಹಾಗೆ ಕೂತದ್ದನ್ನು ನೋಡಲಾಗದೆ ಬೇಗ ಎದ್ದು ಬಂದುಬಿಡುತ್ತಿದ್ದೆ.

ಅಕ್ಟೋಬರಿನಲ್ಲಿ ಅವರು ದೋಣಿ ಮಾರಿಬಿಡಿ ಅಂದರು. ನಮ್ಮ ಆಫೀಸಿನ ಗೌತಮ್ ಎಂಬ ಹುಡುಗನಿಗೆ ಸ್ಟಾಕು ಏರಿ ತಲೆ ತಿರುಗಿತ್ತು. ಒಂದು ಹಾಯಿದೋಣಿ ಬೇಕು ಅಂತ ಕುಣಿಯುತ್ತಿದ್ದ. ನಾನು ದೊಡ್ಡ ಉಪಕಾರ ಮಾಡಿದವನ ಹಾಗೆ ಅವನ ನಂಬರು ತಂದುಕೊಟ್ಟೆ. ಆಶ್ರಿತಾ ಕೂಡ ಫೋನಿನಲ್ಲಿ ‘ಪಪ್ಪ, ಜಸ್ಟ್ ಸೆಲ್ ಇಟ್’ ಅಂದಳಂತೆ. ವಸಂತಕ್ಕ ಆ ಚೀಟಿಯನ್ನು ತೆಗೆದುಕೊಂಡು, ಮಡಚಿ, ಅಲ್ಲಾಡುತ್ತಿದ್ದ ಊಟದ ಟೇಬಲ್ಲಿನ ಕಾಲಿನ ಕೆಳಗೆ ಇಟ್ಟರು. ಟೇಬಲ್ಲು ಅಲ್ಲಾಡುವುದು ನಿಂತಿತು.

‘ಮಾರುವ ಮಾತಿಲ್ಲ. ಮಳೆ ಬರುವ ಮೊದಲು ಎಳೆದು ಇಡ್ಲಿಕ್ಕುಂಟು’ ಅಂದರು.

‘ಯಾರು ಇಳಿಸುವುದು ಮತ್ತೆ ಅದನ್ನು?’ ಜಯರಾಜಣ್ಣ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು.

‘ಅದು ಮೇ ತಿಂಗಳ ಮಾತಲ್ವಾ? ಈಗ ಅಕ್ಟೋಬರು.’ ಆಮೇಲೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದವರು ದನಿ ತಗ್ಗಿಸಿ ಹೇಳಿದರು: ‘ಇಳಿಸುವ ಮನಸ್ಸಿಲ್ಲದವರು ದೋಣಿಗೆ ಹೊದಿಸುವುದಿಲ್ಲ ಯೋಗಾನಂದ. ಅದು ಮಾರಿ ಹೋದ್ರೆ ಇವರು ಆ ಸೋಫಾದಿಂದ ಏಳುವುದಿಲ್ಲ. ನಂಗೆ ಗೊತ್ತುಂಟು. ಶನಿವಾರ ನಿಮಗೆ ಎಂತ ಕೆಲಸ ಉಂಟು?’

ನನಗೆ ಶನಿವಾರ ನಿದ್ದೆ ಮಾಡುವ ಕೆಲಸವಿತ್ತು. ಹಾಗಂತ ಅವರ ಮುಖಕ್ಕೆ ಹೇಳಲು ಧೈರ್ಯ ಸಾಲಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಯಾರ್ಡಿನಲ್ಲಿದ್ದೆವು. ಜಯರಾಜಣ್ಣ ಬರಲು ಒಪ್ಪಲಿಲ್ಲ. ಮೊದಲು ಹಾಯಿ ಬಿಚ್ಚಿ, ಎಡ್ ಜೊತೆ ಸೇರಿ ಕಂಬ ಇಳಿಸಿದೆವು. ಪ್ರತಿ ಹಗ್ಗ, ಪ್ರತಿ ಕೊಂಡಿ ಬಿಚ್ಚುವ ಮೊದಲು ವಸಂತಕ್ಕ ದಡದಿಂದಲೇ ‘ತಡೆಯಿರಿ’ ಅಂತ ಕೂಗಿ, ಒಂದು ತುಂಡು ಟೇಪು ಹರಿದು, ಅದರ ಮೇಲೆ ನಂಬರು ಬರೆದು ಕೊಡುತ್ತಿದ್ದರು. ಬಿಚ್ಚಿದ ಕಡೆ ಒಂದು ನಂಬರು, ಬಿಚ್ಚಿದ್ದಕ್ಕೆ ಅದೇ ನಂಬರು. ಫ್ಯಾಕ್ಟರಿಯ ಅಭ್ಯಾಸ. ಎಡ್‌ಗೆ ಓದಲು ಬರದಿರಲಿ ಅಂತಲೋ ಏನೋ, ಎಲ್ಲ ಕನ್ನಡ ಅಂಕಿಯಲ್ಲಿದ್ದವು.

ಆಮೇಲೆ ಇಳಿಜಾರಿನಲ್ಲಿ ಟ್ರೇಲರನ್ನು ನೀರಿನೊಳಕ್ಕೆ ಇಳಿಸಿ ದೋಣಿಯನ್ನು ಅದರ ಮೇಲೆ ತಂದು ಕೂರಿಸಬೇಕು. ಯಾರಾದರೊಬ್ಬರು ನೀರಿಗಿಳಿದು ಅದರ ಮೂತಿ ಹಿಡಿದುಕೊಳ್ಳಬೇಕು. ಎಡ್ ನನ್ನನ್ನು ನೋಡಿದ, ವಸಂತಕ್ಕ ನನ್ನನ್ನು ನೋಡಿದರು. ಇಳಿದೆ. ತಣ್ಣನೆಯ ನೀರು ಮೊಣಕಾಲಿಗೆ, ತೊಡೆಗೆ, ಸೊಂಟಕ್ಕೆ ಬಂತು. ಹಿಡಿದುಕೊಳ್ಳಲು ಎಮ್ಮೆಯ ಬಾಲವೂ ಇರಲಿಲ್ಲ. ‘ಹಲ್ಲು ಕಡಿಬೇಡಿ, ದೋಣಿ ಹೆದರ್ತದೆ’ ಅಂತ ಅಕ್ಕ ದಡದಿಂದ ಧೈರ್ಯ ಹೇಳಿದರು.

ಮೇಲೆ ಬಂದ ದೋಣಿಯ ಬುಡ ನೋಡಿ ನಾನು ದಂಗಾದೆ. ಇಡೀ ಬೇಸಿಗೆ ಯಾರೂ ಓಡಿಸದೆ ಕಟ್ಟಿದಲ್ಲೇ ನಿಂತದ್ದಕ್ಕೆ ಹಸಿರು ಪಾಚಿ ಗಡ್ಡದ ಹಾಗೆ ಬೆಳೆದಿತ್ತು, ಅದರೊಳಗೆ ಗಟ್ಟಿ ಬಿಳಿ ಚಿಪ್ಪುಗಳು. ವಸಂತಕ್ಕ ಸೆರಗು ಬಿಗಿಯುವಂತೆ ಸ್ವೆಟರಿನ ತೋಳು ಏರಿಸಿ, ದೋಸೆ ಮಗುಚುವ ಕೈಯಲ್ಲಿ ಕೆರೆಯುವ ಪ್ಲಾಸ್ಟಿಕ್ ಪಟ್ಟಿ ಹಿಡಿದು ದೋಣಿಯ ಕೆಳಗೆ ಮಲಗಿಕೊಂಡು ಕೆರೆಯಲು ಶುರುಮಾಡಿದರು. ಮೂರು ಗಂಟೆ ಕೆರೆದರು. ಆಗಾಗ ನಿಲ್ಲಿಸಿ, ಬೆರಳ ತುದಿಯಿಂದ ಹಲಗೆಯ ಸಂದು ಸವರಿ, ಎಲ್ಲಿ ಮೆತ್ತಗಿದೆ ಎಲ್ಲಿ ಗಟ್ಟಿಯಿದೆ ಅಂತ ನೋಡುತ್ತಿದ್ದರು. ಬೋರ್ಡಿನಲ್ಲಿ ಕೂದಲೆಳೆಯ ಬಿರುಕು ಬಿಡದ ಕಣ್ಣು ಅದು. ಒಂದು ಕಡೆ ಎಡ್‌ನನ್ನು ಕರೆದು ಸಣ್ಣ ಬಿರುಕು ತೋರಿಸಿದರು. ಅವನು ಕನ್ನಡಕ ಹಾಕಿಕೊಂಡ ಮೇಲೂ ಅವನಿಗೆ ಕಾಣಲಿಲ್ಲ, ಬೆರಳಿಟ್ಟು ನೋಡಿ ತಲೆಯಾಡಿಸಿದ.

ಸಣ್ಣ ಮೋಟರನ್ನು ಸಿಹಿನೀರಿನ ಬಕೆಟ್ಟಿನಲ್ಲಿಟ್ಟು ಓಡಿಸಿ ಉಪ್ಪು ತೊಳೆದೆವು. ದೋಣಿಯ ಮೂತಿ ಎತ್ತರವಾಗಿ ನಿಲ್ಲುವಂತೆ ದಿಮ್ಮಿ ಕೊಟ್ಟು, ಒಳಗೆ ನೀರು ನಿಲ್ಲದಿರಲಿ ಅಂತ ಹಿಂಬದಿಯ ತಳದ ಬಿರಡೆ ತೆಗೆದೆವು. ಅದನ್ನು ಅಕ್ಕ ಚುಕ್ಕಾಣಿಯ ಹಿಡಿಗೆ ಕಟ್ಟಿಸಿದರು, ಮೇ ತಿಂಗಳಲ್ಲಿ ಮರೆತು ಇಳಿಸಬಾರದಲ್ಲ. ಕೊನೆಗೆ ಕಾರಿನಿಂದ ಒಂದು ಬಾಟಲಿ ತಂದರು. ಬೂತಾಯಿ ಮೀನಿನ ಎಣ್ಣೆ. ಹಿಂದಿನ ವರ್ಷ ಜಯರಾಜಣ್ಣ ಅದನ್ನು ಗ್ಯಾರೇಜಿನಲ್ಲಿ ಕಾಯಿಸಿದಾಗ ನಮ್ಮ ಟೌನ್‌ಹೌಸು ಸಂಘದವರು ಗ್ಯಾಸ್ ಸೋರುತ್ತಿದೆಯೆಂದು ಅಗ್ನಿಶಾಮಕದವರನ್ನು ಕರೆಸಿದ್ದರು. ಹಳೆಯ ಬನಿಯನ್ನಿನಿಂದ ಮರಕ್ಕೆಲ್ಲ ಸವರಿದೆವು. ಎಡ್ ಮೂಗು ಮುಚ್ಚಿಕೊಂಡು ನಾಲ್ಕು ದೋಣಿಯಾಚೆ ಹೋಗಿ ನಿಂತ.

ಉಳಿದದ್ದು ಹೊದಿಕೆ. ವಸಂತಕ್ಕ ದೋಣಿ ಹತ್ತುವುದಿಲ್ಲವಲ್ಲ, ಹಾಗಾಗಿ ಅದು ನನ್ನ ಪಾಲಿಗೆ ಬಂತು. ಬೆಳಗಿನಿಂದ ಪಟ್ಟ ಅವಮಾನಕ್ಕೆಲ್ಲ ಇಲ್ಲಿ ಉತ್ತರ ಕೊಡಬೇಕು ಅನ್ನಿಸಿತು. ದೋಣಿ ಗೊತ್ತಿಲ್ಲದಿರಬಹುದು, ಹೊದಿಸುವುದು ನನಗೆ ಗೊತ್ತಿಲ್ಲವೇ? ಊರಿನಲ್ಲಿ ಮಳೆಗೆ ಮುಂಚೆ ರಾಗಿ ಮೆದೆಗೆ ಎಷ್ಟು ಸಲ ಹೊದಿಸಿಲ್ಲ! ನೀಲಿ ಟಾರ್ಪಾಲನ್ನು ದೋಣಿಯ ಮೈಗೆ ಒತ್ತಿ ಹಾಸಿ, ಅಂಚನ್ನೆಲ್ಲ ಬುಡದ ಕೆಳಗೆ ತೂರಿಸಿ, ಎರಡೂ ತುದಿ ಮಡಚಿ, ಹಗ್ಗವನ್ನು ಅಡ್ಡಡ್ಡ ಉದ್ದುದ್ದ ಸುತ್ತಿ, ಕಾಲು ಕೊಟ್ಟು ಜಗ್ಗಿ ಕಟ್ಟಿದೆ. ಇರುವೆ ನುಗ್ಗಲೂ ಸಂದಿರಲಿಲ್ಲ. ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ವಸಂತಕ್ಕ ದೋಣಿಯ ಸುತ್ತ ಒಂದು ಸುತ್ತು ಬಂದರು. ಹಿಂದೆ ಸ್ವಲ್ಪ ಹೊತ್ತು ನಿಂತರು. ಬುಡಕ್ಕೆ ತೂರಿಸಿದ ಅಂಚನ್ನು ಬೆರಳಿನಿಂದ ಒತ್ತಿ ನೋಡಿದರು.

‘ಗಟ್ಟಿ ಉಂಟಲ್ವಾ?’ ಅಂದರು.

‘ಆನೆ ಎಳೆದ್ರೂ ಬಿಚ್ಚಲ್ಲ ಅಕ್ಕ.’

‘ಆಯ್ತು ಹಾಗಾದ್ರೆ. ಆಗಲೇ ತೆಗೆದಿಟ್ಟ ಹಾಯಿ, ದಿಂಬು, ಒಳಗಿನ ಹಲಗೆ ಎಲ್ಲ ಕಾರಿಗೆ ಹಾಕಿ, ಮನೇಲಿ ತೊಳೀತೇನೆ’ ಅಂದರು. ಹಗ್ಗಗಳನ್ನು ದಿಂಬಿನ ಕವರಿಗೆ ತುಂಬಿ ವಾಷಿಂಗ್ ಮಷಿನ್ನಿಗೆ ಹಾಕಿದರು ಅಂತ ಆಮೇಲೆ ನನ್ನ ಹೆಂಡತಿ ಹೇಳಿದಳು.

ನವೆಂಬರು ಬಂತು, ಮಳೆ ಬಂತು, ನಡುನಡುವೆ ಬಿಸಿಲೂ ಬಂತು. ಮೂರನೆಯ ವಾರ ಒಂದು ಶನಿವಾರ ವಸಂತಕ್ಕ ನಮ್ಮ ಬಾಗಿಲು ತಟ್ಟಿದರು. ಗಾಳಿಗೆ ಟಾರ್ಪಾಲು ಏನಾಗಿದೆಯೋ ನೋಡಿ ಬರೋಣ ಅಂದರು. ಕಾರಿನ ಮುಂದಿನ ಸೀಟಿನಲ್ಲಿ ಜಯರಾಜಣ್ಣ ಮುಖ ಊದಿಸಿಕೊಂಡು ಕೂತಿದ್ದರು. ಬರುತ್ತಾ ಮೀನು ತರಬೇಕು, ಆರಿಸಲು ನೀವೇ ಬೇಕು ಅಂತ ಅಕ್ಕ ಹೊರಡಿಸಿದ್ದರಂತೆ.

ಯಾರ್ಡಿನಲ್ಲಿ ಕಾರು ನಿಂತಿತು. ಜಯರಾಜಣ್ಣ ಕಿಟಕಿಯಿಂದ ನೋಡಿದರು. ಬಹಳ ಹೊತ್ತು ನೋಡಿದರು. ಕುತ್ತಿಗೆ ಕೆಂಪಾಯಿತು.

‘ಯಾರು ಮಾರಾಯ್ರೆ ಇದನ್ನು ಕಟ್ಟಿದ್ದು?’

‘ನಾನೇ, ಜಯರಾಜಣ್ಣ’ ಅಂದೆ. ಇನ್ನೂ ನನ್ನ ದನಿಯಲ್ಲಿ ಹೆಮ್ಮೆಯಿತ್ತು.

‘ಇದೆಂತ ದೋಣಿಯಾ, ಹೆಣವಾ? ಉಸಿರು ಬೇಡ್ವಾ ಅದಕ್ಕೆ? ಬಾಗಿಲು ತೆಗೀರಿ!’

ಐದು ತಿಂಗಳಲ್ಲಿ ಆ ದನಿ ಕೇಳಿರಲಿಲ್ಲ. ತೆಗೆದೆ. ಕೋಲೂರಿ ಇಳಿದರು, ಜಲ್ಲಿಕಲ್ಲಿನ ಮೇಲೆ ಕಾಲೆಳೆಯುತ್ತಾ ದೋಣಿಯ ಹತ್ತಿರ ಹೋದರು, ಕೋಲನ್ನು ಚಕ್ರಕ್ಕೆ ಒರಗಿಸಿ ಎಡಗೈಯಲ್ಲಿ ನನ್ನ ಗಂಟು ಬಿಚ್ಚಲು ನಿಂತರು. ಬರಲಿಲ್ಲ. ಹಲ್ಲು ಹಾಕಿದರು. ನಾನು ಸಹಾಯಕ್ಕೆ ಕೈ ಚಾಚಿದೆ. ‘ನೀವು ದೂರ ನಿಲ್ಲಿ!’ ಅಂತ ಮೊಣಕೈಯಿಂದ ತಳ್ಳಿದರು. ಗಂಟು ಸಡಿಲಾಗಬೇಕಾದರೆ ಹಗ್ಗದ ಒಂದು ಕಡೆಯನ್ನು ಯಾರಾದರೂ ಹಿಡಿಯಬೇಕು. ಅವರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ, ಹಗ್ಗದ ಮೇಲಿಟ್ಟು, ದೋಣಿಗೆ ಒತ್ತಿ ಹಿಡಿದರು. ಜಾರಿತು. ಮತ್ತೆ ಇಟ್ಟರು. ಮತ್ತೆ ಜಾರಿತು. ತುಳುವಿನಲ್ಲಿ ನನ್ನನ್ನೋ ಕೈಯನ್ನೋ ಬೈಯುತ್ತಾ ಮತ್ತೆ ಇಟ್ಟರು. ಎಷ್ಟನೆಯ ಸಲವೋ, ಬೆರಳುಗಳು ಹಗ್ಗದ ಸುತ್ತ ನಿಧಾನವಾಗಿ ಮಡಚಿಕೊಂಡವು. ನಾನು ವಸಂತಕ್ಕನ ಕಡೆ ನೋಡಿದೆ. ಅವರು ಬೆನ್ನು ತಿರುಗಿಸಿ ಕಾರಿನ ಡಿಕ್ಕಿಯಲ್ಲಿ ಏನೋ ಹುಡುಕುತ್ತಿದ್ದರು.

ಟಾರ್ಪಾಲು ಎತ್ತಿದಾಗ ಒಳಗಿನಿಂದ ಬೆಚ್ಚಗಿನ ಮುಗ್ಗಲು ವಾಸನೆ ಹೊಡೆಯಿತು. ಹೊರಗಿನ ಮಳೆ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ದೋಣಿ ತನ್ನ ಬೆವರಿನಲ್ಲೇ ನೆನೆದಿತ್ತು. ಮೂಲೆಯಲ್ಲಿ ಬೂಷ್ಟು ಆಗತಾನೆ ಶುರುವಾಗಿತ್ತು. ಹಾಯಿ, ಹಲಗೆ, ದಿಂಬು ಮನೆಯಲ್ಲಿದ್ದವು, ನನ್ನ ಅದೃಷ್ಟ ಅಂದುಕೊಂಡೆ. ಜಯರಾಜಣ್ಣ ಹಳೆಯ ಬನಿಯನ್ನಿನ ಚೂರಿನಿಂದ ಒಳಗೆಲ್ಲ ಒರೆಸಿದರು, ನನ್ನಿಂದ ಕಂಬವನ್ನು ಎತ್ತಿಸಿ ದೋಣಿಯ ಮೇಲೆ ಉದ್ದಕ್ಕೆ ಇಡಿಸಿದರು, ಅದರ ಮೇಲೆ ಟಾರ್ಪಾಲನ್ನು ಚಪ್ಪರದ ಹಾಗೆ ಇಳಿಬಿಡಿಸಿದರು. ಹಿಂದೆ ಮುಂದೆ ಎರಡೂ ಕಡೆ ತೆರೆದೇ ಇತ್ತು. ಮಲ್ಪೆಯಲ್ಲಿ ತೆಂಗಿನ ಗರಿಯ ಮಾಡಿನ ಕೆಳಗೆ ದೋಣಿ ಮಲಗುವುದು ಹಾಗೆಯೇ ಅಂತೆ, ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆಯಿಂದ ಹೋಗಬೇಕು. ಎಲ್ಲ ಮುಗಿದಾಗ ಮಧ್ಯಾಹ್ನ ಎರಡು ಗಂಟೆ. ಮೀನಿನ ಅಂಗಡಿಯ ನೆನಪು ಯಾರಿಗೂ ಇರಲಿಲ್ಲ.

ಮರುಶನಿವಾರ ಜಯರಾಜಣ್ಣ ತಾವೇ ಹೊರಟು ನಿಂತರು. ಕಟ್ಟಿದ ಗಂಟು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಬಿಚ್ಚಿ ಕಟ್ಟಿದರು. ಅದರ ಮರುವಾರವೂ ಬಿಚ್ಚಿ ಕಟ್ಟಿದರು. ಡಿಸೆಂಬರು ಪೂರ್ತಿ, ಜನವರಿ ಪೂರ್ತಿ ಹೀಗೆಯೇ. ಸೋಫಾದ ಕೆಳಗಿನ ಹಳದಿ ಚೆಂಡು ಹೊರಗೆ ಬಂತು. ಮಾರ್ಚಿನಲ್ಲಿ ಸ್ಟಾಕು ಬಿದ್ದು ನಾನಿದ್ದ ಕಂಪನಿ ಮುಚ್ಚಿತು, ಗೌತಮ್ ಕಾರು ಮಾರಿದ. ನನಗೆ ಶನಿವಾರವಲ್ಲದೆ ಸೋಮವಾರವೂ ಬಿಡುವಾಯಿತು. ಏಪ್ರಿಲಿನಲ್ಲಿ ಜಯರಾಜಣ್ಣ ನನಗೆ ಗಂಟು ಹಾಕುವುದನ್ನು ಕಲಿಸಿದರು, ಎರಡೂ ಕೈಯಿಂದ. ಬಲಗೈ ಮೊದಲಿನಂತೆ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಹಗ್ಗ ಹಿಡಿಯಿತು.

ಮೇ ಎರಡನೆಯ ಶನಿವಾರ ಬೂತಾಯಿಯನ್ನು ಇಳಿಸಿದೆವು. ಕನ್ನಡ ಅಂಕಿಗಳನ್ನು ನೋಡಿಕೊಂಡು ಪ್ರತಿ ಹಗ್ಗ ತನ್ನ ಜಾಗಕ್ಕೆ ಹೋಯಿತು, ಒಂದೂ ತಪ್ಪಲಿಲ್ಲ. ವಸಂತಕ್ಕ ಹಾಲಿನ ಡಬ್ಬಿಯಿಂದ ನೀರಿಗೆ ಹಾಲೆರೆದು, ದೋಣಿಯ ಮೂತಿ ಮುಟ್ಟಿ ನಮಸ್ಕಾರ ಮಾಡಿದರು. ಜಯರಾಜಣ್ಣ ಎಡಗೈಯಲ್ಲಿ ಚುಕ್ಕಾಣಿ, ಬಲಗೈಗೆ ಒಂದು ಸುತ್ತು ಹಗ್ಗ ಹಿಡಿದು ಕೂತರು. ನನಗೂ ಲೈಫ್ ಜಾಕೆಟ್ಟು ತೊಡಿಸಿ ಸಿದ್ಧಪಡಿಸಿದ್ದರು. ಹತ್ತುವ ಮೊದಲು, ಇನ್ನು ಬದುಕಿ ಬರುತ್ತೇನೋ ಇಲ್ಲವೋ ಅಂತ, ಆರು ತಿಂಗಳಿಂದ ಎದೆಯಲ್ಲಿದ್ದ ಮಾತನ್ನು ವಸಂತಕ್ಕನಿಗೆ ಹೇಳಿಬಿಟ್ಟೆ.

‘ಕ್ಷಮಿಸಿ ಅಕ್ಕ. ಅವತ್ತು ಟಾರ್ಪಾಲು ಹಾಗೆ ಕಟ್ಟಿ ದೋಣೀನೇ ಹಾಳು ಮಾಡ್ತಿದ್ದೆ. ನಂಗೆ ಗೊತ್ತಿರ್ಲಿಲ್ಲ.’

‘ನಂಗೆ ಗೊತ್ತಿತ್ತು’ ಅಂದರು.

ಕೂದಲೆಳೆಯ ಬಿರುಕು ಹುಡುಕುವ ಕಣ್ಣು. ಹಾಯಿ, ಹಲಗೆ, ದಿಂಬು, ಕೊಳೆಯುವಂಥದ್ದೆಲ್ಲ ಅವತ್ತೇ ಕಾರು ಹತ್ತಿತ್ತು. ನನ್ನ ಅದೃಷ್ಟವಂತೆ! ನನ್ನ ಪೆದ್ದುತನಕ್ಕೆ ನನಗೇ ನಗು ಬಂತು.

‘ಮತ್ತೆ ಯಾಕೆ ಅವತ್ತೇ ಹೇಳ್ಲಿಲ್ಲ?’

ವಸಂತಕ್ಕ ದೋಣಿಯ ಕಡೆ ನೋಡಿದರು. ಅಲ್ಲಿ ಜಯರಾಜಣ್ಣ ನನ್ನ ಹೆಸರು ಹಿಡಿದು ಬೇಗ ಬರಲು ಬೈಯುತ್ತಿದ್ದರು.

‘ಹೇಳಿದ್ರೆ ನೀವೇ ಸರಿ ಮಾಡಿಬಿಡ್ತಿದ್ರಿ ಅಲ್ವಾ’ ಅಂದರು.